ಮೂವತ್ತು ದಿನಗಳ ಹೊಣೆ

ಹಿಂದೂಪುರ, ಕಲ್ಯಾಣದುರ್ಗಗಳ ಕನ್ನಡ ಮಾಧ್ಯಮದ ಮನೆಗಳಲ್ಲಿ ಮಕ್ಕಳ ಉದ್ಯೋಗದ ಮಾತು ಬಂದಾಗ ಭಾಷೆಯ ಅಳುಕೂ ಜೊತೆಗೇ ಬರುತ್ತದೆ. ಎರಡು ಭಾಷೆ ಬಲ್ಲವರಿಗೆ ಒಗ್ಗುವ ಹೊಣೆಯೊಂದು ಸರ್ಕಾರಿ ಸೇವೆಯಲ್ಲಿದೆ: ಸಾರ್ವಜನಿಕ ಮಾಹಿತಿ ಅಧಿಕಾರಿಯದು.

2005ರ ಅಕ್ಟೋಬರ್ 12ರಂದು ಪೂರ್ಣವಾಗಿ ಜಾರಿಗೆ ಬಂದ ಮಾಹಿತಿ ಹಕ್ಕು ಕಾಯಿದೆಯಂತೆ ಈ ಅಧಿಕಾರಿ ಅರ್ಜಿಗೆ 30 ದಿನಗಳೊಳಗೆ ಉತ್ತರಿಸಬೇಕು; ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆಗಳೊಳಗೆ. ಸಕಾರಣವಿಲ್ಲದೆ ತಡವಾದರೆ ಮಾಹಿತಿ ಆಯೋಗವು ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡವನ್ನು ಅಧಿಕಾರಿಯ ಮೇಲೆಯೇ ವಿಧಿಸಬಹುದು.

ಆಂಧ್ರಪ್ರದೇಶ ಲೋಕಸೇವಾ ಆಯೋಗದಂಥ ಸಂಸ್ಥೆಗಳ ಪರೀಕ್ಷೆ ಬರೆದು ಇಲಾಖೆ ಸೇರಿದವರಿಗೇ ಈ ಹೊಣೆ ಒಪ್ಪಿಸಲಾಗುತ್ತದೆ. ಕಡತಗಳನ್ನು ಕ್ರಮವಾಗಿಡುವುದು, ಬೇರೆ ಕಚೇರಿಗೆ ಸಂಬಂಧಿಸಿದ ಅರ್ಜಿಯನ್ನು 5 ದಿನಗಳೊಳಗೆ ಅಲ್ಲಿಗೆ ಕಳುಹಿಸುವುದು, ನಿರಾಕರಿಸಿದಾಗ ಕಾರಣವನ್ನೂ ಮೇಲ್ಮನವಿಯ ದಾರಿಯನ್ನೂ ಬರೆದು ತಿಳಿಸುವುದು ಇದರ ನಿತ್ಯದ ಕೆಲಸ.

ಅರ್ಜಿ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿರಬೇಕು; ಆದ್ದರಿಂದ ಇಲ್ಲಿ ತೆಲುಗು ಗಟ್ಟಿಯಾಗಿ ಬರಲೇಬೇಕು. ಆದರೆ ಬರೆಯಲಾರದವರ ಮಾತನ್ನು ಲಿಖಿತರೂಪಕ್ಕೆ ತರಲು ಅಧಿಕಾರಿಯೇ ನೆರವಾಗಬೇಕೆಂದು ಕಾಯಿದೆಯ 6ನೆಯ ಕಲಮು ಹೇಳುತ್ತದೆ. ಕನ್ನಡದಲ್ಲಷ್ಟೇ ತನ್ನ ಅಹವಾಲು ಹೇಳಬಲ್ಲ ರೈತನೊಬ್ಬ ಮೇಜಿನೆದುರು ನಿಂತಾಗ, ಅದನ್ನು ತಿಳಿದು ತೆಲುಗಿನಲ್ಲಿ ಬರೆದುಕೊಡಬಲ್ಲವರು ಈ ಶಾಲೆಗಳಲ್ಲಿ ಓದಿದವರೇ.