ಶಾಲೆಯ ಸಾಲಕ್ಕೆ ಊರವರ ಮತ

ಶಾಲೆಯ ಮಾಡು ಸೋರಿದರೆ ನಾವು ಸರಕಾರಕ್ಕೆ ಅರ್ಜಿ ಬರೆಯುತ್ತೇವೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಶಾಲಾ ಮಂಡಳಿಯು ಬಾಂಡು ಹೊರಡಿಸಿ ಸಾಲವೆತ್ತಲು ಊರವರ ಮತ ಕೇಳುತ್ತದೆ. ಸಾಲ ತೀರುವುದು ಆಸ್ತಿ ತೆರಿಗೆಯಿಂದ; ಬಾದಾಮಿ ತೋಟದವನೂ ಭೂಮಿಯ ಮೌಲ್ಯಕ್ಕೆ ತಕ್ಕಂತೆ ತೆರಬೇಕು. ಮತ ಮಾತ್ರ, ನಮ್ಮ ಸಂಘದಂತೆಯೇ, ತಲೆಗೊಂದು. ಪಟ್ಟಿಯಲ್ಲಿ ಹೆಸರಿದ್ದರೆ ಬಾಡಿಗೆ ಮನೆಯವನಿಗೂ ಉಂಟು. ಬೇರೆ ಊರಲ್ಲಿ ವಾಸಿಸುವ ತೋಟದ ಧಣಿಗಿಲ್ಲ!

ಹಿಂದೆ ಮೂರರಲ್ಲಿ ಎರಡು ಪಾಲು ಮತ ಬೀಳಲೇಬೇಕಿತ್ತು. 2000ದ ನವೆಂಬರಿನಲ್ಲಿ ರಾಜ್ಯದ ಮತದಾರರು 39ನೆಯ ಪ್ರಸ್ತಾಪವನ್ನು ಒಪ್ಪಿ, ಶೇಕಡಾ 55 ಸಾಕೆಂದರು. ಆದರೆ ಬಿಗಿಯಾದ ಷರತ್ತುಗಳಿವೆ, ಅದು ಸರಿಯೇ: ಕಾಮಗಾರಿಗಳ ಪಟ್ಟಿ ಮೊದಲೇ ಕೊಡಬೇಕು, ವರ್ಷವರ್ಷವೂ ಲೆಕ್ಕ ಪರಿಶೋಧನೆಯಾಗಬೇಕು. ಖರ್ಚಿನ ಮೇಲೆ ಕಣ್ಣಿಡುವ ನಾಗರಿಕರ ಸಮಿತಿಯಲ್ಲಿ ತೆರಿಗೆದಾರರ ಸಂಘದವನೊಬ್ಬ ಇರಲೇಬೇಕು. ಮಂಡಳಿಯ ನೌಕರನಿಗೂ ಗುತ್ತಿಗೆದಾರನಿಗೂ ಅಲ್ಲಿ ಜಾಗವಿಲ್ಲ.