ಒಂದೇ ಮಾತ್ರೆ, ಬೇರೆ ಬೇರೆ ಪರಿಣಾಮ: ಅಜಥಯೋಪ್ರಿನ್ ಮತ್ತು ವಂಶವಾಹಿ

ಕಸಿ ಮಾಡಿದ ಮೂತ್ರಪಿಂಡವನ್ನು ದೇಹವು ತಿರಸ್ಕರಿಸದಂತೆ ತಡೆಯಲು 1960ರ ದಶಕದಿಂದ ಬಳಕೆಯಲ್ಲಿರುವ ಔಷಧ ಅಜಥಯೋಪ್ರಿನ್. ಕರುಳಿನ ಉರಿಯೂತ, ಲೂಪಸ್ ಮುಂತಾದ ಕಾಯಿಲೆಗಳಿಗೂ ವೈದ್ಯರು ಇದನ್ನು ಬರೆದುಕೊಡುತ್ತಾರೆ. ಇದನ್ನು ರೂಪಿಸಿದ ಗರ್ಟ್ರೂಡ್ ಎಲಿಯಾನ್ ಮತ್ತು ಜಾರ್ಜ್ ಹಿಚಿಂಗ್ಸ್ ಅವರಿಗೆ 1988ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಆದರೆ ಒಂದೇ ಪ್ರಮಾಣದ ಮಾತ್ರೆ ಒಬ್ಬರಿಗೆ ಸಂಜೀವಿನಿಯಾದರೆ ಮತ್ತೊಬ್ಬರಿಗೆ ವಿಷವಾಗುವುದುಂಟು. ಕಾರಣ ವಂಶವಾಹಿಯಲ್ಲಿದೆ.

ಈ ಔಷಧವು ದೇಹದಲ್ಲಿ ಥಯೋಗ್ವಾನಿನ್ ಎಂಬ ರೂಪ ತಾಳಿ, ಬಿಳಿ ರಕ್ತಕಣಗಳ ಡಿಎನ್‌ಎಯೊಳಗೆ ಸೇರಿ ಅವುಗಳ ವೃದ್ಧಿಯನ್ನು ತಡೆಯುತ್ತದೆ. ಔಷಧದ ಒಂದು ಪಾಲನ್ನು ನಿಷ್ಕ್ರಿಯಗೊಳಿಸುವ ಕೆಲಸ ಟಿಪಿಎಂಟಿ ಎಂಬ ಕಿಣ್ವದ್ದು. ಯೂರೋಪ್ ಮೂಲದವರಲ್ಲಿ ಸುಮಾರು 300 ಮಂದಿಗೆ ಒಬ್ಬರಲ್ಲಿ ಈ ಕಿಣ್ವ ಕೆಲಸ ಮಾಡುವುದೇ ಇಲ್ಲ. ಹತ್ತರಲ್ಲೊಬ್ಬರಲ್ಲಿ ಅದರ ಶಕ್ತಿ ಕಡಿಮೆ. ಅಂಥವರಿಗೆ ಸಾಮಾನ್ಯ ಪ್ರಮಾಣವೂ ಅತಿಯಾಗಿ, ಅಸ್ಥಿಮಜ್ಜೆ ಸೊರಗಿ ಪ್ರಾಣಾಪಾಯ ಒದಗಬಹುದು.

ಭಾರತೀಯರಲ್ಲಿ ಟಿಪಿಎಂಟಿ ದೋಷ ಕಡಿಮೆ. ಆದರೆ ಎನ್‌ಯುಡಿಟಿ15 ಎಂಬ ಇನ್ನೊಂದು ವಂಶವಾಹಿಯ ದೋಷ ಪೂರ್ವ ಮತ್ತು ದಕ್ಷಿಣ ಏಷ್ಯದವರಲ್ಲಿ ಹೆಚ್ಚು. ಕೊರಿಯಾದ ಸಂಶೋಧಕರು ಇದನ್ನು ಗುರುತಿಸಿದ್ದು 2014ರಲ್ಲಿ. ಆದ್ದರಿಂದ ನಮ್ಮವರಿಗೆ ಟಿಪಿಎಂಟಿ ಪರೀಕ್ಷೆಯೊಂದೇ ಸಾಲದು.

ಕ್ಯಾನ್ಸರಿನ ಭೀತಿ

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಅಜಥಯೋಪ್ರಿನ್ ಅನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿ ಸೇರಿಸಿದೆ. ರೋಗನಿರೋಧಕ ಶಕ್ತಿ ಕುಗ್ಗಿದಾಗ ದೇಹದಲ್ಲಿ ಅಡಗಿರುವ ಎಪ್‌ಸ್ಟೈನ್-ಬಾರ್ ವೈರಸ್ ತಲೆಯೆತ್ತಿ ದುಗ್ಧಗ್ರಂಥಿಯ ಕ್ಯಾನ್ಸರಿಗೆ ದಾರಿಯಾಗಬಹುದು. ಡಿಎನ್‌ಎಯಲ್ಲಿ ಸೇರಿಕೊಂಡ ಥಯೋಗ್ವಾನಿನ್ ಬಿಸಿಲಿನ ನೇರಳಾತೀತ 'ಎ' ಕಿರಣಗಳನ್ನು ಹೀರಿ ಚರ್ಮದ ಕೋಶಗಳಿಗೆ ಹಾನಿ ಮಾಡುತ್ತದೆಂದು 2005ರಲ್ಲಿ ತಿಳಿದುಬಂತು.

ವಂಶವಾಹಿ ದೋಷಕ್ಕೂ ಕ್ಯಾನ್ಸರಿಗೂ ನಂಟಿದೆಯೇ? ಇದೇ ಗುಂಪಿನ ಮರ್ಕಾಪ್ಟೋಪ್ಯೂರಿನ್ ಔಷಧದ ಜೊತೆಗೆ ಮಿದುಳಿಗೆ ವಿಕಿರಣ ಚಿಕಿತ್ಸೆಯನ್ನೂ ಪಡೆದ ರಕ್ತಕ್ಯಾನ್ಸರ್ ಪೀಡಿತ ಮಕ್ಕಳ ಪೈಕಿ, ಟಿಪಿಎಂಟಿ ದೋಷವಿದ್ದವರಲ್ಲಿ ಮಿದುಳಿನ ಗಡ್ಡೆ ಹೆಚ್ಚಾಗಿ ಕಂಡುಬಂದುದನ್ನು ಅಮೆರಿಕದ ಸೇಂಟ್ ಜೂಡ್ ಆಸ್ಪತ್ರೆಯ ಸಂಶೋಧಕರು 1999ರಲ್ಲಿ ವರದಿ ಮಾಡಿದರು. ಅಧ್ಯಯನ ಚಿಕ್ಕದು, ಅದನ್ನು ಎಲ್ಲ ರೋಗಿಗಳಿಗೂ ಅನ್ವಯಿಸಲಾಗದು. ವಂಶವಾಹಿ ಪರೀಕ್ಷೆಯು ಸರಿಯಾದ ಪ್ರಮಾಣವನ್ನು ನಿರ್ಧರಿಸಲು ನೆರವಾಗುತ್ತದೆಯೇ ಹೊರತು, ಯಾರಿಗೆ ಕ್ಯಾನ್ಸರ್ ಬರುತ್ತದೆಂದು ಭವಿಷ್ಯ ನುಡಿಯದು.

ಈ ಔಷಧ ಸೇವಿಸುವ ಬಹುತೇಕರಿಗೆ ಕ್ಯಾನ್ಸರ್ ಬರುವುದಿಲ್ಲ. ಹೆದರಿ ಮಾತ್ರೆ ನಿಲ್ಲಿಸಿದರೆ ಕಸಿ ಮಾಡಿದ ಅಂಗವನ್ನೇ ಕಳೆದುಕೊಳ್ಳುವ ಅಪಾಯವಿದೆ. ಚಿಕಿತ್ಸೆಗೆ ಮುನ್ನ ಎರಡೂ ವಂಶವಾಹಿಗಳ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳುವುದು, ಆಮೇಲೆ ನಿಯತವಾಗಿ ರಕ್ತಕಣಗಳ ಎಣಿಕೆ ಮಾಡಿಸುವುದು, ಬಿಸಿಲಿನಿಂದ ಮೈ ಮರೆಮಾಡುವುದು, ಚರ್ಮದಲ್ಲಿ ಹೊಸ ಗಂಟು ಅಥವಾ ಮಾಯದ ಹುಣ್ಣು ಕಂಡರೆ ತಡಮಾಡದೆ ತೋರಿಸುವುದು ಕ್ಷೇಮ.