ಎಂಜಿನ್ನಿನ ಉಸಿರಿಗೊಂದು ದಾರಿ

ತಿಕೋಟಾದ ದ್ರಾಕ್ಷಿ ತೋಟದಲ್ಲಿ ಔಷಧಿ ಹೊಡೆಯುವ ಸಣ್ಣ ಟ್ರ್ಯಾಕ್ಟರ್, ಬಬಲೇಶ್ವರದ ಹೊಲದಲ್ಲಿ ರಂಟೆ ಹೊಡೆಯುವ ದೊಡ್ಡ ಟ್ರ್ಯಾಕ್ಟರ್, ಎರಡೂ ಮಕ್ಕಳಿಗೆ ಪರಿಚಿತ. ಸೈಲೆನ್ಸರಿನಿಂದ ಹೊಗೆ ಬರುವುದನ್ನು ಎಲ್ಲರೂ ಕಂಡಿದ್ದಾರೆ. ಆದರೆ ಆ ಹೊಗೆ ಎಂಜಿನ್ನಿನಿಂದ ಸೈಲೆನ್ಸರಿನವರೆಗೆ ಬರುವ ದಾರಿಯನ್ನು ಗಮನಿಸಿದವರು ಕಡಿಮೆ. ಎಂಜಿನ್ನಿನ ಪಕ್ಕಕ್ಕೆ ಬೋಲ್ಟು ಹಾಕಿ ಕೂರಿಸಿದ, ಕೈಬೆರಳುಗಳಂತೆ ಕವಲೊಡೆದ ಎರಕದ ಕಬ್ಬಿಣದ ಭಾಗವೊಂದಿದೆ. ಅದೇ ಎಕ್ಸಾಸ್ಟ್ ಮ್ಯಾನಿಫೋಲ್ಡ್.

ಎಂಜಿನ್ ಕೂಡ ಉಸಿರಾಡುತ್ತದೆ. ಗಾಳಿ ಹೀರುವುದು, ಒತ್ತುವುದು, ಇಂಧನ ಉರಿಸುವುದು, ಉರಿದ ಅನಿಲವನ್ನು ಹೊರದೂಡುವುದು ಅದರ ನಾಲ್ಕು ಹೆಜ್ಜೆಗಳು. ಇವು ಮುಗಿಯಲು ಎರಡು ಸುತ್ತು ಬೇಕು. ಮೂರು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗಿದರೆ, ಅದು ಸೆಕೆಂಡಿಗೆ 50 ಸಲ ಉಸಿರು ಬಿಡುತ್ತದೆ! ಹಳೆಯ ಅನಿಲ ಒಳಗೇ ಉಳಿದರೆ ಹೊಸ ಗಾಳಿಗೆ ಜಾಗವಿಲ್ಲ. ಆಗ ಡೀಸೆಲ್ ಪೂರ್ತಿ ಉರಿಯದೆ ಕಪ್ಪು ಹೊಗೆ ಬರುತ್ತದೆ, ಶಕ್ತಿಯೂ ಕುಗ್ಗುತ್ತದೆ.

ಆದ್ದರಿಂದ ಮ್ಯಾನಿಫೋಲ್ಡಿನಲ್ಲಿ ಥಟ್ಟನೆ ತಿರುಗುವ ಮೂಲೆಗಳಿರಬಾರದು, ಒಳಮೈ ನುಣುಪಾಗಿರಬೇಕು. ಕೊಳವೆ ಕಿರಿದಾದರೆ ಅನಿಲ ಉಸಿರುಗಟ್ಟುತ್ತದೆ, ತೀರ ಅಗಲವಾದರೆ ವೇಗ ಕಳೆದುಕೊಳ್ಳುತ್ತದೆ.

ಉದ್ದಕ್ಕೂ ಒಂದು ಲೆಕ್ಕವಿದೆ. ವಿಜಯಪುರದ ಗೋಳಗುಮ್ಮಟದಲ್ಲಿ ಚಪ್ಪಾಳೆ ತಟ್ಟಿದರೆ ಸದ್ದು ಗೋಡೆಗೆ ಬಡಿದು ಮರಳಿ ಬರುವುದನ್ನು ನೀವು ಕೇಳಿರಬಹುದು. ವಾಲ್ವ್ ತೆರೆದಾಗ ನುಗ್ಗುವ ಒತ್ತಡದ ಅಲೆಯೂ ಹೀಗೆಯೇ ಮರಳುತ್ತದೆ. ವ್ಯತ್ಯಾಸವೆಂದರೆ, ಕೊಳವೆಯ ತೆರೆದ ಬಾಯಿಂದ ಅಥವಾ ಅದು ದೊಡ್ಡ ಕೊಳವೆಗೆ ಸೇರುವ ಕಡೆಯಿಂದ ಹಿಂದಿರುಗುವಾಗ ಅದು ಕಡಿಮೆ ಒತ್ತಡದ ಅಲೆಯಾಗಿರುತ್ತದೆ. ವಾಲ್ವ್ ಮುಚ್ಚುವ ಮೊದಲೇ ಅದು ತಲುಪಿದರೆ ಉಳಿದ ಅನಿಲವನ್ನೂ ಸೆಳೆದುಕೊಳ್ಳುತ್ತದೆ. ಬಿಸಿ ಅನಿಲದಲ್ಲಿ ಈ ಅಲೆ ಸೆಕೆಂಡಿಗೆ 500 ಮೀಟರಿಗೂ ಹೆಚ್ಚು ವೇಗದಲ್ಲಿ ಓಡುತ್ತದೆ. ಎಂಜಿನ್ನಿನ ಯಾವ ವೇಗಕ್ಕೆ ಈ ಲಾಭ ಸಿಗಬೇಕೆಂದು ನೋಡಿ ವಿನ್ಯಾಸಕಾರರು ಕೊಳವೆಯ ಉದ್ದ ನಿರ್ಧರಿಸುತ್ತಾರೆ.

ಒಂದು ಸಿಲಿಂಡರಿನ ಉಸಿರು ಮತ್ತೊಂದಕ್ಕೆ ಅಡ್ಡಬರಬಾರದು. ಹಲವು ಕಾರುಗಳ ನಾಲ್ಕು ಸಿಲಿಂಡರುಗಳು 1-3-4-2ರ ಸರದಿಯಲ್ಲಿ ಉರಿಯುತ್ತವೆ. 1 ಮತ್ತು 4, 2 ಮತ್ತು 3ರ ಕೊಳವೆಗಳನ್ನು ಮೊದಲು ಜೋಡಿಸಿದರೆ ಪ್ರತಿ ಜೋಡಿಯ ಉಸಿರುಗಳ ನಡುವೆ ಪೂರ್ತಿ ಒಂದು ಸುತ್ತಿನ ಅಂತರ ಸಿಗುತ್ತದೆ.

ಕಾವಿನ ಕಾಟ ಬೇರೆ. ಅರ್ಧ ಮೀಟರ್ ಉದ್ದದ ಎರಕದ ಕಬ್ಬಿಣ 500 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಕಾದರೆ ಸುಮಾರು 3 ಮಿಲಿಮೀಟರ್ ಹಿಗ್ಗುತ್ತದೆ. ಹಿಗ್ಗಲು ಎಡೆ ಬಿಡದಿದ್ದರೆ ಬಿರುಕು ಖಚಿತ. ಬಿರುಕಿನಿಂದ ಸೋರುವ ಹೊಗೆಯಲ್ಲಿ ಬಣ್ಣ, ವಾಸನೆ ಎರಡೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವಿರುತ್ತದೆ. ಸೋರಿಕೆ ಇಲ್ಲದಿದ್ದರೂ ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸುವುದು ಪ್ರಾಣಕ್ಕೇ ಅಪಾಯ.

ಇಷ್ಟೆಲ್ಲ ಲೆಕ್ಕ ಹಾಕಿ ಹೊಂದಿಸಿದ ದಾರಿಯನ್ನು ಕೆಲವು ಹುಡುಗರು ಕೆಡಿಸಿಬಿಡುತ್ತಾರೆ. ಬೈಕಿನ ಸೈಲೆನ್ಸರ್ ತೆಗೆಸಿದರೆ ವೇಗ ಹೆಚ್ಚುತ್ತದೆಂಬ ನಂಬಿಕೆ ಅವರದು. ಸದ್ದು ಹೆಚ್ಚಾದ ಮಾತ್ರಕ್ಕೆ ಶಕ್ತಿ ಹೆಚ್ಚುವುದಿಲ್ಲ. ಮರಳುವ ಅಲೆಯ ಲೆಕ್ಕ ತಪ್ಪಿದರೆ ಶಕ್ತಿ ಕುಗ್ಗಲೂಬಹುದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಟ್ರ್ಯಾಕ್ಟರ್ ಸೇರಿದಂತೆ ಎಲ್ಲ ವಾಹನಗಳಿಗೂ ಸೈಲೆನ್ಸರ್ ಕಡ್ಡಾಯ.

ಮಗನಿಗೆ ಎಂಜಿನ್ ಮೇಲೆ ಅಷ್ಟು ಆಸಕ್ತಿಯಿದ್ದರೆ ಪಾಲಕರು ಬೈದು ಸುಮ್ಮನಾಗಬೇಕಿಲ್ಲ. ಮುಂದಿನ ಸಲ ಟ್ರ್ಯಾಕ್ಟರ್ ರಿಪೇರಿಗೆ ಹೋದಾಗ ಅವನನ್ನೂ ಕರೆದೊಯ್ಯಲಿ, ಬಿಚ್ಚಿಟ್ಟ ಮ್ಯಾನಿಫೋಲ್ಡ್ ತೋರಿಸಲಿ. ಶಬ್ದದ ಪಾಠ, ಉಷ್ಣದ ಪಾಠ ಎರಡೂ ಅಲ್ಲೇ ಅವನ ಕೈಗೆ ಸಿಗುತ್ತವೆ.